ಕಡಲಿಲ್ಲದ ಸೀಮೆಯ ಕಡಲು

ರಾಮನಗರದ ಬಂಡೆಗಳ ನಡುವೆ ನಿಂತವನು ಸಮುದ್ರವನ್ನು ಕಾಣಬೇಕಾದರೆ ಘಟ್ಟವನ್ನೇ ಇಳಿಯಬೇಕು. ಆದರೂ ಕಡಲಿಲ್ಲದ ಈ ಮೈಸೂರು ಸೀಮೆಯ ಹಳ್ಳಿಗರು, ಹನುಮಂತನು ಸಮುದ್ರವನ್ನು ಲಂಘಿಸಿ ಲಂಕೆಯನ್ನು ಸುಟ್ಟುದನ್ನು ತಲೆಮಾರುಗಳಿಂದ ತೊಗಲುಗೊಂಬೆಯಾಟದ ಬಿಳಿಯ ಪರದೆಯ ಮೇಲೆ ಕಣ್ಣಾರೆ ಕಂಡಿರುವರು. ಆ ಕಥೆಗೆ ತೊಗಲಿನ ಮೇಲೆ ರೂಪ ಬರೆದವನು ಕಡಲನ್ನು ನೋಡಿರಲೇಬೇಕೆಂಬ ನಿಯಮವೇನೂ ಇರಲಿಲ್ಲ.

ಆಡಿನ ತೊಗಲನ್ನು ನೆನೆಯಿಟ್ಟು, ರೋಮವನ್ನು ಹೆರೆದು, ಬೆಳಕು ಹಾಯುವಷ್ಟು ತೆಳುವಾಗುವ ಪರ್ಯಂತ ಹದಗೊಳಿಸಿ, ಬಿಗಿದು ಒಣಗಿಸಿದ ತರುವಾಯ ಅದರ ಮೇಲೆ ರೇಖೆಗಳನ್ನೆಳೆದು, ವಸ್ತ್ರಾಭರಣಗಳು ಬರುವೆಡೆ ಉಳಿಯಿಂದ ಸೂಕ್ಷ್ಮರಂಧ್ರಗಳನ್ನು ಕೊರೆದು, ಕೆಂಪು, ಹಸಿರು, ಕಪ್ಪು ಬಣ್ಣಗಳನ್ನು ಎರಡು ಮಗ್ಗುಲಿಗೂ ಬಳಿಯುವರು. ಕಾಗದದ ಚಿತ್ರಕ್ಕೆ ಬೆಳಕು ಮೇಲೆ ಬಿದ್ದರೆ ಸಾಕು; ತೊಗಲಿನ ಚಿತ್ರಕ್ಕೆ ಅದು ಮೈಯನ್ನೇ ಹಾದುಬರಬೇಕು. ಪಾತ್ರದ ಘನತೆಗೆ ತಕ್ಕಂತೆ ಗೊಂಬೆಯ ಗಾತ್ರ. ಕೆಲವೊಮ್ಮೆ ಇಡೀ ಸನ್ನಿವೇಶವೇ ಒಂದು ತೊಗಲಿನಲ್ಲಿ ಅಡಗಿರುವುದು.

ಈ ಗೊಂಬೆಗಳನ್ನು ಬರೆದವರೂ ಆಡಿಸಿದವರೂ ಕಿಳ್ಳೇಕ್ಯಾತರು. ಮನೆಯೊಳಗೆ ಮರಾಠಿಯ ಒಂದು ಪ್ರಭೇದವನ್ನಾಡುವ, ಊರೂರು ಅಲೆಯುವ, ಕೆರೆಹೊಳೆಗಳಲ್ಲಿ ಬಲೆ ಬೀಸಿ ಮೀನು ಹಿಡಿಯುವ ಈ ಜನರೇ ಇರುಳಾದೊಡನೆ ಪರದೆಯ ಹಿಂದೆ ದೀಪ ಹೊತ್ತಿಸಿ ಕನ್ನಡದಲ್ಲಿ ರಾಮಕಥೆಯನ್ನು ಹಾಡಿದರು. ಮಳೆ ಬಾರದಿದ್ದಾಗ, ದನಕರುಗಳಿಗೆ ರೋಗ ತಗುಲಿದಾಗ ಇವರನ್ನು ಕರೆಯಿಸಿ ಆಟವಾಡಿಸುವುದು ಹಳ್ಳಿಗಳ ರೂಢಿ. ಕನ್ನಡತನವನ್ನು ಕುರಿತು ನಾವು ವೇದಿಕೆಗಳಲ್ಲಿ ಆಡುವ ಮಾತಿನಲ್ಲಿ ಇವರ ಹೆಸರು ಬರುವುದು ಅಪೂರ್ವ. ಆದರೆ ಅಕ್ಷರವರಿಯದ ರೈತನಿಗೆ ರಾವಣನ ಮುಖವನ್ನು ತೋರಿಸಿಕೊಟ್ಟವರಲ್ಲಿ ಇವರೂ ಸೇರಿರುವರು.

ಸಿನಿಮಾದೆದುರು ಈ ದೀಪ ಮಂಕಾಗುತ್ತಿದ್ದ ಕಾಲದಲ್ಲಿ, ನಾಗಮಂಗಲ ಸೀಮೆಯಲ್ಲಿ ಹುಟ್ಟಿ ಐ.ಎ.ಎಸ್. ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, 1994ರಲ್ಲಿ ರಾಮನಗರದ ಬಳಿ ಸುಮಾರು 15 ಎಕರೆ ನೆಲದಲ್ಲಿ ಜಾನಪದ ಲೋಕವನ್ನು ತೆರೆದರು. ಅಲ್ಲಿಯ ಸಂಗ್ರಹಾಲಯದಲ್ಲಿ ತೊಗಲುಗೊಂಬೆಗಳಿಗೂ ಎಡೆ ದೊರೆಯಿತು. ಗೌಡರ ಸಂಗ್ರಹಬುದ್ಧಿಗೆ ನಾವು ಋಣಿಗಳು. ಆದರೂ ಬೆನ್ನ ಹಿಂದೆ ದೀಪವಿಲ್ಲದ ಗೊಂಬೆ ಅರ್ಧ ಗೊಂಬೆಯೇ ಸರಿ.

ನಮ್ಮ ಈ ತೊಗಲಿನ ಕಡಲಿನೊಡನೆ ತೊಗಟೆಯ ಕಡಲೊಂದನ್ನು ಹೋಲಿಸಿ ನೋಡಬಹುದು. ಪೆಸಿಫಿಕ್ ಮಹಾಸಾಗರದ ಸಮೋವಾ ದ್ವೀಪವಾಸಿಗಳಲ್ಲಿ ಸಿಯಾಪೋ ಎಂಬ ಚಿತ್ರಕಲೆಯುಂಟು. ಮರದ ತೊಗಟೆಯನ್ನು ಬಡಿದು ಬಟ್ಟೆಯಾಗಿಸಿ, ಅದರ ಮೇಲೆ ಮೀನುಬಲೆ, ನಕ್ಷತ್ರಮೀನು, ಕೇದಗೆಯ ಆಕೃತಿಗಳನ್ನು ಬರೆಯುವರು. ಆ ಮರವಾದರೋ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಸಾಕುತ್ತಿರುವ ನಮ್ಮ ಹಿಪ್ಪುನೇರಳೆಯ ದಾಯಾದಿ! ಅವರು ಕಣ್ಣೆದುರಿನ ಕಡಲನ್ನು ಬರೆದರು. ಬಲೆಯನ್ನು ದಿನವೂ ಕೈಯಲ್ಲಿ ಹಿಡಿದ ನಮ್ಮ ಕಿಳ್ಳೇಕ್ಯಾತರು ತಾವು ಬಲ್ಲ ಕೆರೆಯನ್ನು ಬಿಟ್ಟು ಕಾಣದ ಸಮುದ್ರದ ಕಥೆಯನ್ನು ಆರಿಸಿಕೊಂಡುದು ನನಗೆ ಇಂದಿಗೂ ಸೋಜಿಗ.

ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿರುವಾಗ ಈ ಕಲೆ ಅಳಿಯಿತೆಂದು ಶೋಕಿಸುವುದು ಸಲ್ಲದು. ಹೊಸ ಹೆದ್ದಾರಿಯು ರಾಮನಗರವನ್ನು ಬಳಸಿಕೊಂಡು ಹೋಗುವುದರಿಂದ, ಮೈಸೂರಿಗೆ ಹೊರಟ ಓದುಗರು ಒಮ್ಮೆಯಾದರೂ ಹಳೆಯ ರಸ್ತೆಯನ್ನೇ ಹಿಡಿದು ಜಾನಪದ ಲೋಕದಲ್ಲಿ ಇಳಿಯಲಿ. ಆ ಬಳಿಕ ಗೊಂಬೆಮೇಳವೊಂದನ್ನು ತಮ್ಮೂರ ಜಾತ್ರೆಗೆ ಕರೆಯಿಸಿ, ತಕ್ಕ ಸಂಭಾವನೆಯಿತ್ತು, ಒಂದಿರುಳು ಆಟವಾಡಿಸಲಿ.