ಪಾದದ ಬೊಬ್ಬೆ

ಪಾದದ ಬೊಬ್ಬೆ ಅಥವಾ ನೀರುಗುಳ್ಳೆಯು ದೀರ್ಘಕಾಲದ ನಡಿಗೆ ಅಥವಾ ಓಟದಿಂದ ಪಾದದ ಚರ್ಮದ ಪದರಗಳು ಒಂದರಿಂದೊಂದು ಬೇರ್ಪಟ್ಟು, ನಡುವೆ ದ್ರವ ತುಂಬಿಕೊಳ್ಳುವುದರಿಂದ ಉಂಟಾಗುವ ಗಾಯವಾಗಿದೆ. ದೂರದ ಓಟಗಾರರು, ಸೈನಿಕರು, ಚಾರಣಿಗರು ಮತ್ತು ಪಾದಯಾತ್ರಿಗಳಲ್ಲಿ ಇದು ಅತ್ಯಂತ ಸಾಮಾನ್ಯ. ಕರ್ನಾಟಕದ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಿಂದ ಪ್ರತಿವರ್ಷ ಶ್ರೀಶೈಲ, ತುಳಜಾಪುರ ಹಾಗೂ ಪಂಢರಪುರಗಳಿಗೆ ಕಾಲ್ನಡಿಗೆಯಲ್ಲಿ ತೆರಳುವ ಭಕ್ತರನ್ನೂ ಇದು ಕಾಡುತ್ತದೆ. ಹೆಚ್ಚಿನ ಬೊಬ್ಬೆಗಳು ಕೆಲವು ದಿನಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಸೋಂಕು ತಗುಲಿದಾಗ, ವಿಶೇಷವಾಗಿ ಮಧುಮೇಹಿಗಳಲ್ಲಿ, ಇವು ಗಂಭೀರ ಸ್ವರೂಪ ತಾಳಬಹುದು.

ಉಂಟಾಗುವ ಬಗೆ

ಬೊಬ್ಬೆಯು ಚರ್ಮದ ಮೇಲ್ಮೈ ಸವೆಯುವುದರಿಂದ ಆಗುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಗಾಯ ಆರಂಭವಾಗುವುದು ಚರ್ಮದ ಒಳಗೆ. ಹೆಜ್ಜೆ ಊರಿದಾಗ ಪಾದದ ಎಲುಬು ಮುಂದಕ್ಕೆ ಸರಿಯುತ್ತದೆ. ಬೂಟು ಅಥವಾ ಚಪ್ಪಲಿಗೆ ಒತ್ತಿಕೊಂಡಿರುವ ಹೊರಮೈ ಮಾತ್ರ ಅಲ್ಲಿಯೇ ಹಿಡಿದುಕೊಂಡಿರುತ್ತದೆ. ಇವೆರಡರ ನಡುವಿನ ಪದರಗಳು ವಿರುದ್ಧ ದಿಕ್ಕುಗಳಿಗೆ ಎಳೆಯಲ್ಪಡುತ್ತವೆ. ಸಾವಿರಾರು ಹೆಜ್ಜೆಗಳಲ್ಲಿ ಈ ಎಳೆತ ಮರುಕಳಿಸಿದಾಗ ಹೊರಚರ್ಮದ ಮಧ್ಯಭಾಗದ ಜೀವಕೋಶಗಳು ಹರಿದು ಬಿರುಕು ಮೂಡುತ್ತದೆ. ಸುತ್ತಲಿನ ಅಂಗಾಂಶದ ದ್ರವವು ಆ ಬಿರುಕನ್ನು ತುಂಬುತ್ತದೆ. ಇನ್ನೂ ಆಳದ ರಕ್ತನಾಳಗಳಿಗೆ ಪೆಟ್ಟಾದರೆ ರಕ್ತ ಸೇರಿ ಬೊಬ್ಬೆ ಕೆಂಪಾಗಿ ಕಾಣುತ್ತದೆ.

ಅಂಗಾಲಿನ ಚರ್ಮದ ಮೇಲುಪದರ ದಪ್ಪವಾಗಿದ್ದು ಒಳಗಿನ ಅಂಗಾಂಶಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅಲ್ಲಿ ಬೊಬ್ಬೆ ಸುಲಭವಾಗಿ ಏಳುತ್ತದೆ. ಚರ್ಮ ತೆಳುವಾಗಿರುವ ಭಾಗಗಳಲ್ಲಿ ಅದೇ ಉಜ್ಜುವಿಕೆಯಿಂದ ತರಚು ಗಾಯವಾಗುತ್ತದೆ. ಗುಳ್ಳೆ ಏಳುವ ಮೊದಲು ಆ ಜಾಗ ಕೆಂಪಾಗಿ, ಬಿಸಿಯೇರಿ, ಉರಿಯುತ್ತದೆ. ಬೊಬ್ಬೆಯನ್ನು ತಪ್ಪಿಸಲು ದೊರೆಯುವ ಕೊನೆಯ ಅವಕಾಶ ಈ ಹಂತವೇ.

ಪ್ರಚೋದಕ ಅಂಶಗಳು

ಅರೆತೇವದ ಚರ್ಮದಲ್ಲಿ ಘರ್ಷಣೆ ಒಣ ಚರ್ಮಕ್ಕಿಂತ ಹೆಚ್ಚು. ಆದುದರಿಂದ ಬೆವರು, ಮಳೆ, ಹೊಳೆ ದಾಟುವಾಗ ನೆನೆದ ಕಾಲು ಇವೆಲ್ಲವೂ ಬೊಬ್ಬೆಗೆ ಎಡೆಮಾಡುತ್ತವೆ. ಬಿಗಿಯಾದ ಅಥವಾ ಅತಿ ಸಡಿಲವಾದ ಪಾದರಕ್ಷೆ, ಒಳಸೇರಿದ ಮರಳು, ಮಡಿಕೆಬಿದ್ದ ಕಾಲುಚೀಲ, ಬೆನ್ನ ಮೇಲಿನ ಭಾರ ಮತ್ತು ಅಭ್ಯಾಸವಿಲ್ಲದೆ ಒಮ್ಮೆಲೇ ದೂರ ನಡೆಯುವುದು ಇತರ ಕಾರಣಗಳು. ಹೊಸ ಚಪ್ಪಲಿ ಕಾಲನ್ನು ‘ಕಚ್ಚುವುದು’ ಎಂದು ಆಡುಮಾತಿನಲ್ಲಿ ಹೇಳುವುದೂ ಇದನ್ನೇ. ಚಪ್ಪಲಿ ಧರಿಸುವವರಲ್ಲಿ ಹೆಬ್ಬೆರಳನ್ನು ಹಿಡಿಯುವ ಉಂಗುಟದ ಬಳಿ ಮತ್ತು ಪಾದದ ಮೇಲೆ ಹಾಯುವ ಪಟ್ಟಿಯ ಅಂಚಿನಲ್ಲಿ, ಬೂಟು ಧರಿಸುವವರಲ್ಲಿ ಹಿಮ್ಮಡಿ, ಬೆರಳ ತುದಿ ಮತ್ತು ಮುಂಗಾಲಿನ ತಳದಲ್ಲಿ ಬೊಬ್ಬೆ ಏಳುವುದು ಹೆಚ್ಚು.

ವಿಜಯಪುರ ಜಿಲ್ಲೆಯ ಪಾದಯಾತ್ರೆಗಳಲ್ಲಿ

ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಭಕ್ತರು ಕಂಬಿ ಹೊತ್ತು ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ನಡೆದು ಹೋಗುತ್ತಾರೆ. ನೂರಾರು ಕಿಲೋಮೀಟರ್‌ಗಳ ಈ ದಾರಿಯ ಬಹುಭಾಗ ಡಾಂಬರು ರಸ್ತೆ. ಕೊನೆಯ ಭಾಗ ಆಂಧ್ರಪ್ರದೇಶದ ನಲ್ಲಮಲ ಅರಣ್ಯದ ವೆಂಕಟಾಪುರಂ, ನಾಗಲೂಟಿ, ಭೀಮುನಿ ಕೊಲನು, ಕೈಲಾಸ ದ್ವಾರಗಳ ಮೂಲಕ ಏರಿಳಿಯುವ ಕಲ್ಲುಹಾದಿ. ಇಳಿಜಾರಿನಲ್ಲಿ ಪಾದವು ಪಾದರಕ್ಷೆಯೊಳಗೆ ಮುಂದಕ್ಕೆ ಜಾರುವುದರಿಂದ ಬೆರಳುಗಳ ತುದಿಗೆ ಪೆಟ್ಟು ಬೀಳುತ್ತದೆ. ಸೀಗೆ ಹುಣ್ಣಿಮೆಯ ವೇಳೆಗೆ ತುಳಜಾಪುರಕ್ಕೂ ಆಷಾಢ ಏಕಾದಶಿಗೆ ಪಂಢರಪುರಕ್ಕೂ ನಡೆಯುವ ಯಾತ್ರೆಗಳಲ್ಲಿ ಮಳೆ ಹಾಗೂ ಎರೆಮಣ್ಣಿನ ಕೆಸರು ಕಾಲನ್ನು ತೇವವಾಗಿಡುತ್ತವೆ.

ಹರಕೆಯ ಕಾರಣ ಬರಿಗಾಲಿನಲ್ಲಿ ನಡೆಯುವವರೂ ಇದ್ದಾರೆ. ಬೇಸಿಗೆಯ ಮಧ್ಯಾಹ್ನ ಕಾದ ಡಾಂಬರಿನ ಮೇಲೆ ನಡೆದಾಗ ಏಳುವ ಗುಳ್ಳೆಗಳು ಘರ್ಷಣೆಯವಲ್ಲ, ಸುಟ್ಟಗಾಯಗಳು. ಇವು ಅಂಗಾಲಿನಲ್ಲಿ ವಿಶಾಲವಾಗಿ ಹರಡುತ್ತವೆ. ಕೂಡಲೇ ಸುಮಾರು 20 ನಿಮಿಷ ಸಾಮಾನ್ಯ ತಂಪಿನ ನೀರು ಹರಿಸುವುದು ಇವಕ್ಕೆ ಮೊದಲ ಉಪಚಾರ. ಇವನ್ನು ಚುಚ್ಚದೆ ವೈದ್ಯರಿಗೆ ತೋರಿಸಬೇಕು. ನಸುಕಿನಲ್ಲಿ ಮತ್ತು ಸಂಜೆಯ ಬಳಿಕ ನಡೆದು, ಬಿಸಿಲೇರಿದಾಗ ನೆರಳಿನಲ್ಲಿ ತಂಗುವುದರಿಂದ ಎರಡೂ ಬಗೆಯ ಗುಳ್ಳೆಗಳು ಕಡಿಮೆಯಾಗುತ್ತವೆ.

ತಡೆಗಟ್ಟುವಿಕೆ

ಪಾದರಕ್ಷೆ: ಯಾತ್ರೆಗಾಗಲಿ ಸ್ಪರ್ಧೆಗಾಗಲಿ ಹೊಚ್ಚಹೊಸ ಬೂಟು, ಚಪ್ಪಲಿಗಳನ್ನು ಧರಿಸಬಾರದು. ಹಲವು ವಾರ ಮೊದಲೇ ಧರಿಸಿ ನಡೆದು ಕಾಲಿಗೆ ಒಗ್ಗಿಸಿಕೊಳ್ಳಬೇಕು. ಚರ್ಮದ ಚಪ್ಪಲಿಯ ಗಡಸು ಪಟ್ಟಿಗಳಿಗೆ ಎಣ್ಣೆ ಹಚ್ಚಿ ಮೆದುಗೊಳಿಸುವ ರೂಢಿಯಿದೆ. ದಿನವಿಡೀ ನಡೆದ ಕಾಲು ಊದಿಕೊಳ್ಳುವುದರಿಂದ ಬೂಟನ್ನು ಸಂಜೆಯ ಹೊತ್ತು ಕೊಳ್ಳುವುದು ಮತ್ತು ಬೆರಳುಗಳ ಮುಂದೆ ಸ್ವಲ್ಪ ಜಾಗ ಉಳಿಯುವಂತೆ ನೋಡಿಕೊಳ್ಳುವುದು ಒಳಿತು.

ಕಾಲುಚೀಲ: ಹತ್ತಿಯ ಕಾಲುಚೀಲ ಬೆವರನ್ನು ಹೀರಿ ತೇವವಾಗಿಯೇ ಉಳಿಯುತ್ತದೆ. ತೇವವನ್ನು ಹೊರಸಾಗಿಸುವ ಕೃತಕ ನೂಲಿನ ಅಥವಾ ಉಣ್ಣೆ ಮಿಶ್ರಿತ ಕಾಲುಚೀಲಗಳು ದೂರದ ನಡಿಗೆಗೆ ಹೆಚ್ಚು ಸೂಕ್ತ. ಒಳಗೆ ತೆಳುವಾದ, ಹೊರಗೆ ದಪ್ಪನೆಯ ಹೀಗೆ ಎರಡು ಜೊತೆ ಧರಿಸಿದರೆ ಜಾರುವಿಕೆ ಅವುಗಳ ನಡುವೆಯೇ ನಡೆದು ಚರ್ಮದ ಮೇಲಿನ ಎಳೆತ ತಗ್ಗುತ್ತದೆ. ಒದ್ದೆಯಾದ ಕಾಲುಚೀಲವನ್ನು ವಿರಾಮದ ವೇಳೆ ಬದಲಿಸಬೇಕು.

ಅಂಟುಪಟ್ಟಿ: ಔಷಧದ ಅಂಗಡಿಗಳಲ್ಲಿ ದೊರೆಯುವ ಕಾಗದದ ಅಂಟುಪಟ್ಟಿಯನ್ನು ಬೊಬ್ಬೆ ಏಳುವ ಜಾಗಗಳಿಗೆ ಮೊದಲೇ ಸುಕ್ಕಿಲ್ಲದಂತೆ ಅಂಟಿಸುವುದು ಅಗ್ಗದ ಉಪಾಯ. ಹಲವು ದಿನಗಳ ಅತಿದೂರದ ಓಟಗಳಲ್ಲಿ ಪಾಲ್ಗೊಂಡ 128 ಓಟಗಾರರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂತಹ ಪಟ್ಟಿ ಅಂಟಿಸಿದ ಜಾಗಗಳಲ್ಲಿ ಬೊಬ್ಬೆಗಳು ಗಣನೀಯವಾಗಿ ಕಡಿಮೆಯಾಗಿದ್ದವು.

ಲೇಪನಗಳು: ಪೆಟ್ರೋಲಿಯಂ ಜೆಲ್ಲಿಯಂತಹ ಜಿಡ್ಡು ಆರಂಭದಲ್ಲಿ ಘರ್ಷಣೆಯನ್ನು ತಗ್ಗಿಸುತ್ತದೆ. ಹೊತ್ತು ಕಳೆದಂತೆ ಚರ್ಮ ಮೆತ್ತಗಾಗಿ ಘರ್ಷಣೆ ಮತ್ತೆ ಹೆಚ್ಚಬಹುದಾದ್ದರಿಂದ ಅದನ್ನು ಆಗಾಗ ಹಚ್ಚಿಕೊಳ್ಳಬೇಕಾಗುತ್ತದೆ. ಬೆವರು ತಡೆಯುವ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣವನ್ನು ಅಮೆರಿಕದ ಸೈನಿಕ ಅಕಾಡೆಮಿಯ ಕೆಡೆಟ್‌ಗಳ ಮೇಲೆ ಪರೀಕ್ಷಿಸಲಾಯಿತು. 1998ರಲ್ಲಿ ಪ್ರಕಟವಾದ ಫಲಿತಾಂಶದಂತೆ, 21 ಕಿ.ಮೀ. ನಡಿಗೆಯ ನಂತರ ಅದನ್ನು ಬಳಸಿದವರಲ್ಲಿ ಶೇ. 21 ಮಂದಿಗೆ, ಬಳಸದವರಲ್ಲಿ ಶೇ. 48 ಮಂದಿಗೆ ಬೊಬ್ಬೆಗಳಾದವು. ಆದರೆ ಬಳಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮದ ಉರಿ, ತುರಿಕೆ ಕಾಣಿಸಿಕೊಂಡಿತು.

ಅಭ್ಯಾಸ: ನಿಧಾನವಾಗಿ ದೂರವನ್ನು ಹೆಚ್ಚಿಸುತ್ತ ಹೋದರೆ ಅಂಗಾಲಿನ ಚರ್ಮ ದಪ್ಪಗಾಗಿ ಎಳೆತವನ್ನು ತಾಳಿಕೊಳ್ಳುತ್ತದೆ. ಉರಿ ಕಾಣಿಸಿದ ಕೂಡಲೇ ನಿಂತು, ಕಾಲು ಒರೆಸಿ, ಮರಳು ಕೊಡವಿ, ಪಟ್ಟಿ ಅಂಟಿಸುವುದು ಎಲ್ಲಕ್ಕಿಂತ ಮುಖ್ಯ. ಗುಂಪಿನಿಂದ ಹಿಂದುಳಿಯುವ ಅಂಜಿಕೆಯಿಂದ ಇದನ್ನು ಮುಂದೂಡಿದವರು ಮರುದಿನ ನಡೆಯಲಾಗದೆ ಉಳಿಯಬೇಕಾಗಬಹುದು.

ಚಿಕಿತ್ಸೆ

ಒಡೆಯದ ಬೊಬ್ಬೆಯ ಮೇಲಿನ ಪೊರೆಯೇ ಅದರ ಅತ್ಯುತ್ತಮ ಹೊದಿಕೆ. ಚಿಕ್ಕದಾಗಿದ್ದು ಹೆಚ್ಚು ನೋವಿಲ್ಲದಿದ್ದರೆ ಅದನ್ನು ಒಡೆಯದೆ ಶುಚಿಯಾದ ಪಟ್ಟಿಯಿಂದ ಮುಚ್ಚಬೇಕು. ದಪ್ಪ ಬಟ್ಟೆ ಅಥವಾ ಸ್ಪಂಜನ್ನು ನಡುವೆ ತೂತಿರುವ ಬಳೆಯಾಕಾರಕ್ಕೆ ಕತ್ತರಿಸಿ ಸುತ್ತಲೂ ಇಟ್ಟರೆ ಭಾರ ಬೊಬ್ಬೆಯ ಮೇಲೆ ಬೀಳದು.

ದೊಡ್ಡದಾಗಿ ನಡೆಯಲು ಅಡ್ಡಿಯಾಗುವ ಬೊಬ್ಬೆಯ ದ್ರವವನ್ನು ಹೊರತೆಗೆಯಬಹುದು. ಮೊದಲು ಕೈ ಮತ್ತು ಗಾಯದ ಜಾಗವನ್ನು ಸಾಬೂನಿನಿಂದ ತೊಳೆದು, ಹೊಸ ಕ್ರಿಮಿರಹಿತ ಸೂಜಿಯಿಂದ ಬೊಬ್ಬೆಯ ಅಂಚಿನಲ್ಲಿ ಚುಚ್ಚಿ, ಶುಚಿಯಾದ ಬಟ್ಟೆಯಿಂದ ಮೆಲ್ಲಗೆ ಒತ್ತಬೇಕು. ಪೊರೆಯನ್ನು ಕಿತ್ತು ತೆಗೆಯಬಾರದು. ಬಳಿಕ ನಂಜುನಿವಾರಕ ಹಚ್ಚಿ ಮುಚ್ಚಿ, ದಿನವೂ ಪಟ್ಟಿ ಬದಲಿಸಬೇಕು. ಬೊಬ್ಬೆಯೊಳಗೆ ದಾರ ಪೋಣಿಸಿ ಬಿಡುವ ರೂಢಿ ಹಲವೆಡೆ ಇದೆ. ಆ ದಾರವೇ ರೋಗಾಣುಗಳಿಗೆ ದಾರಿಯಾಗುವುದರಿಂದ ಅದು ಸುರಕ್ಷಿತವಲ್ಲ. ತಾನಾಗಿ ಒಡೆದ ಬೊಬ್ಬೆಗೆ ಬೂದಿ, ಮಣ್ಣು, ಟೂತ್‌ಪೇಸ್ಟ್ ಹಚ್ಚಬಾರದು. ರಕ್ತ ತುಂಬಿದ ಬೊಬ್ಬೆಯನ್ನು ಚುಚ್ಚದಿರುವುದೇ ಒಳಿತು. ಧನುರ್ವಾಯು ಲಸಿಕೆ ಪಡೆದು ಬಹಳ ವರ್ಷವಾಗಿದ್ದರೆ ವೈದ್ಯರ ಸಲಹೆ ಪಡೆಯಬೇಕು.

ವಾಸಿಯಾಗುವಿಕೆ

ಪೊರೆ ಉಳಿದ ಬೊಬ್ಬೆಯ ತಳದಲ್ಲಿ ಹೊಸ ಜೀವಕೋಶಗಳ ರಚನೆ ಮೊದಲ ದಿನವೇ ಚುರುಕಾಗುತ್ತದೆ. ಸುಮಾರು 48 ಗಂಟೆಗಳಲ್ಲಿ ಹೊಸ ಪದರ ಕಾಣಿಸಿಕೊಂಡು, ಸುಮಾರು 5 ದಿನಗಳಲ್ಲಿ ಹೊರಮೈಯ ಗಟ್ಟಿ ಪದರ ಮೂಡುತ್ತದೆ. ಈ ಅವಧಿಯಲ್ಲಿ ಮತ್ತೆ ಅದೇ ಪಾದರಕ್ಷೆಯಲ್ಲಿ ನಡೆದರೆ ವಾಸಿಯಾಗುವುದು ತಡವಾಗುತ್ತದೆ.

ಸೋಂಕು ಮತ್ತು ತೊಡಕುಗಳು

ಕೀವು, ಹೆಚ್ಚುತ್ತಿರುವ ನೋವು, ಸುತ್ತಲೂ ಹರಡುವ ಕೆಂಪು, ಕಾಲಿನ ಮೇಲಕ್ಕೆ ಏರುವ ಕೆಂಪು ಗೆರೆ, ತೊಡೆಸಂದಿನಲ್ಲಿ ಗಂಟು ಮತ್ತು ಜ್ವರ ಸೋಂಕಿನ ಲಕ್ಷಣಗಳು. ಇವು ಕಂಡಾಗ ನಡಿಗೆ ನಿಲ್ಲಿಸಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆಗೆ ಹೋಗಬೇಕು. ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಅವರ 16 ವರ್ಷದ ಮಗ 1924ರಲ್ಲಿ ಕಾಲುಚೀಲ ಧರಿಸದೆ ಟೆನಿಸ್ ಆಡಿದಾಗ ಬೆರಳಿಗೆ ಬೊಬ್ಬೆಯಾಗಿ, ಅದರ ಸೋಂಕು ರಕ್ತಕ್ಕೆ ಹರಡಿ ಸುಮಾರು ಒಂದು ವಾರದಲ್ಲಿ ಮರಣ ಹೊಂದಿದನು. ಆಗ ಪ್ರತಿಜೈವಿಕ ಔಷಧಗಳು ಬಳಕೆಗೆ ಬಂದಿರಲಿಲ್ಲ.

ದೀರ್ಘಕಾಲದ ಮಧುಮೇಹದಲ್ಲಿ ಪಾದದ ನರಗಳು ದುರ್ಬಲಗೊಂಡು ಸ್ಪರ್ಶಜ್ಞಾನ ಕುಂದುವುದರಿಂದ ಬೊಬ್ಬೆಯ ನೋವೇ ತಿಳಿಯದಿರಬಹುದು. ರಕ್ತಸಂಚಾರವೂ ಕಡಿಮೆಯಿದ್ದರೆ ಗಾಯ ಹುಣ್ಣಾಗಿ, ಬೆರಳು ಅಥವಾ ಪಾದವನ್ನೇ ಕತ್ತರಿಸಬೇಕಾದ ಸ್ಥಿತಿ ಬರುವುದುಂಟು. ಆದ್ದರಿಂದ ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯಬಾರದು, ಬೊಬ್ಬೆಯನ್ನು ತಾವೇ ಚುಚ್ಚಿಕೊಳ್ಳಬಾರದು. ಪ್ರತಿ ತಂಗುದಾಣದಲ್ಲಿ ಅಂಗಾಲು ಮತ್ತು ಬೆರಳ ಸಂದುಗಳನ್ನು ಕಣ್ಣಾರೆ ಪರೀಕ್ಷಿಸಿಕೊಳ್ಳಬೇಕು ಅಥವಾ ಜೊತೆಯವರಿಂದ ಪರೀಕ್ಷಿಸಿಕೊಳ್ಳಬೇಕು.