‘ವಿರುದ್ಧ’ ಎಂದರೆ ಯಾರ ವಿರುದ್ಧ? ನ್ಯಾಯಾಲಯ ಪ್ರಕರಣಗಳ ಶೀರ್ಷಿಕೆ ಮತ್ತು ಕನ್ನಡದ ಪದಕ್ರಮ

ನ್ಯಾಯಾಲಯದ ಪ್ರಕರಣವೊಂದರ ಶೀರ್ಷಿಕೆ ಬರಿಯ ಹೆಸರಲ್ಲ. ನ್ಯಾಯ ಕೋರಿ ಬಂದವರು ಯಾರು, ಉತ್ತರ ನೀಡಬೇಕಾದವರು ಯಾರು ಎಂಬುದನ್ನು ಅದು ಪದಕ್ರಮದಿಂದಲೇ ಸೂಚಿಸುತ್ತದೆ. ಶೀರ್ಷಿಕೆ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದಾಗ ಈ ಸೂಚನೆಗೆ ಏನಾಗುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1973ರಲ್ಲಿ ಸರ್ವೋಚ್ಚ ನ್ಯಾಯಾಲಯದ 13 ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿದ ‘ಕೇಶವಾನಂದ ಭಾರತಿ ವಿರುದ್ಧ ಕೇರಳ ರಾಜ್ಯ’ ಪ್ರಕರಣವನ್ನೇ ನೋಡೋಣ. ಭೂಸುಧಾರಣಾ ಶಾಸನವನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದವರು ಎಡನೀರು ಮಠದ ಸ್ವಾಮಿಗಳು. ಆದರೆ ಶೀರ್ಷಿಕೆಯನ್ನು ಕನ್ನಡದ ವ್ಯಾಕರಣಕ್ಕೆ ಅನುಗುಣವಾಗಿ ಓದಿದರೆ, ರಾಜ್ಯವೇ ಸ್ವಾಮಿಗಳ ಮೇಲೆ ದಾವೆ ಹೂಡಿತೆಂಬ ಅರ್ಥ ಬರುತ್ತದೆ.

ಕಾರಣ ಸ್ಪಷ್ಟ. ಇಂಗ್ಲಿಷಿನ ‘ವರ್ಸಸ್’ ಪೂರ್ವಸರ್ಗ. ಅದರ ನಂತರ ಬರುವ ನಾಮಪದ ಎದುರಾಳಿಯನ್ನು ಹೇಳುತ್ತದೆ. ಕನ್ನಡದ ‘ವಿರುದ್ಧ’ ಪರಸರ್ಗ. ಅದರ ಹಿಂದಿನ ನಾಮಪದ ಷಷ್ಠಿಯಲ್ಲಿದ್ದು ಎದುರಾಳಿಯನ್ನು ಹೇಳುತ್ತದೆ: ‘ರಾಜ್ಯದ ವಿರುದ್ಧ’. ಶೀರ್ಷಿಕೆಯಲ್ಲಿ ಷಷ್ಠೀ ಪ್ರತ್ಯಯವಿಲ್ಲವಲ್ಲ ಎನ್ನಬಹುದು. ಆದರೆ ‘ಸರ್ಕಾರ ವಿರುದ್ಧ ಪ್ರತಿಭಟನೆ’ ಎಂಬಂಥ ಪತ್ರಿಕಾ ತಲೆಬರಹಗಳಲ್ಲಿ ಪ್ರತ್ಯಯಲೋಪ ಸಾಮಾನ್ಯವಾದುದರಿಂದ ಈ ಅಭಾವವೊಂದೇ ತಪ್ಪು ಓದನ್ನು ತಡೆಯಲಾರದು. ‘ಭಾರತ ವಿರುದ್ಧ ಆಸ್ಟ್ರೇಲಿಯಾ’ ಎಂಬ ಪಂದ್ಯದಲ್ಲಿ ಉಭಯಪಕ್ಷಗಳ ಪಾತ್ರ ಸಮಾನವಾದುದರಿಂದ ತೊಡಕಿಲ್ಲ. ದಾವೆಯಲ್ಲಿ ಪಾತ್ರಗಳು ಸಮಾನವಲ್ಲ.

ಇದೇ ಪ್ರಕರಣದ ಪೂರ್ಣ ಇಂಗ್ಲಿಷ್ ಶೀರ್ಷಿಕೆಯಲ್ಲಿ ‘ಶ್ರೀಪಾದಗಳವರು’ ಎಂಬ ಕನ್ನಡದ ಗೌರವರೂಪವೇ ಉಳಿದಿದೆ. ‘ಶ್ರೀಪಾದಗಳವರು ವಿರುದ್ಧ ಕೇರಳ ರಾಜ್ಯ’ ಎಂದು ಬರೆದರೆ ಕೊನೆಯ ‘-ರು’ ಪ್ರಥಮಾ ವಿಭಕ್ತಿಯನ್ನು ಖಚಿತಪಡಿಸುತ್ತದೆ. ಎದುರಾಳಿಯೆಂಬ ಅರ್ಥಕ್ಕೆ ‘ಶ್ರೀಪಾದಗಳವರ’ ಎಂದಿರಬೇಕಿತ್ತು. ಶೀರ್ಷಿಕೆ ಸಂಕ್ಷೇಪಗೊಂಡು ಗೌರವಸೂಚಕ ಬಿದ್ದುಹೋದಾಗ ಈ ಆಧಾರವೂ ತಪ್ಪುತ್ತದೆ.

ಹೆಸರುಗಳ ಕ್ರಮವೂ ಸ್ಥಿರವಲ್ಲ. 1971ರ ರಾಯ್‌ಬರೇಲಿ ಚುನಾವಣೆಯನ್ನು ಅಲಹಾಬಾದ್ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವರು ರಾಜ್ ನಾರಾಯಣ್. ಸೋತ ಇಂದಿರಾ ಗಾಂಧಿಯವರು ಮೇಲ್ಮನವಿ ಸಲ್ಲಿಸಿದ್ದರಿಂದ 1975ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಶೀರ್ಷಿಕೆಯಲ್ಲಿ ಅವರ ಹೆಸರೇ ಮೊದಲು ಬಂದಿತು. ಅಂದರೆ ಮೊದಲ ಸ್ಥಾನ ಸೂಚಿಸುವುದು ವಿವಾದವನ್ನು ಆರಂಭಿಸಿದವರನ್ನಲ್ಲ, ಆ ನ್ಯಾಯಾಲಯದ ಮೊರೆಹೊಕ್ಕವರನ್ನು. ಪ್ರಕರಣದ ಹಿನ್ನೆಲೆಯ ಅರಿವೊಂದರಿಂದಲೇ ಓದುಗರು ಪಾತ್ರಗಳನ್ನು ಊಹಿಸಲಾಗದು.

ಹಾಗಾದರೆ ‘ಕೇರಳ ರಾಜ್ಯದ ವಿರುದ್ಧ ಕೇಶವಾನಂದ ಭಾರತಿ’ ಎಂದು ಕ್ರಮವನ್ನೇ ಬದಲಿಸಬಹುದೆ? ವ್ಯಾಕರಣಕ್ಕೆ ಅದು ಸರಿ. ಆದರೆ ಉಲ್ಲೇಖದ ಕ್ರಮ ಕೆಟ್ಟು ಮೂಲ ತೀರ್ಪನ್ನು ಹುಡುಕುವುದು ಕಷ್ಟವಾಗುತ್ತದೆ. ದಾವಾಪತ್ರಗಳಲ್ಲಿ ‘ವಿರುದ್ಧ’ ಪದವು ಪ್ರತ್ಯೇಕ ಸಾಲಿನಲ್ಲಿ ನಿಂತು, ಹೆಸರುಗಳ ಜೊತೆ ‘ವಾದಿ’, ‘ಪ್ರತಿವಾದಿ’ ಎಂಬ ಪಾತ್ರಸೂಚಕಗಳಿರುತ್ತವೆ. ಅಲ್ಲಿ ಸಂದಿಗ್ಧತೆ ಹುಟ್ಟುವುದಿಲ್ಲ. ಆದುದರಿಂದ ಅನುವಾದಿತ ತೀರ್ಪುಗಳಲ್ಲಿ ಮೂಲದ ಕ್ರಮವನ್ನು ಉಳಿಸಿಕೊಂಡು, ಮೊದಲ ಉಲ್ಲೇಖದಲ್ಲಾದರೂ ‘ಕೇಶವಾನಂದ ಭಾರತಿ (ಅರ್ಜಿದಾರರು) ವಿರುದ್ಧ ಕೇರಳ ರಾಜ್ಯ’ ಎಂದು ಪಾತ್ರವನ್ನು ನಮೂದಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ತೀರ್ಪು ಕನ್ನಡದಲ್ಲಿ ದೊರೆತರೆ ಸಾಲದು. ಯಾರು ಯಾರನ್ನು ಪ್ರಶ್ನಿಸಿದರೆಂಬುದೂ ಕನ್ನಡದಲ್ಲಿಯೇ ತಿಳಿಯಬೇಕು.