ಸರಕಿನ ಬೆನ್ನಿಗೆ ಬಂದ ಜನ

ಮಾವಳ್ಳಿ ಹೋಬಳಿಯ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಆಚೆಗಿರುವ ನೇತ್ರಾಣಿ ದ್ವೀಪದಲ್ಲಿ ಜನವಸತಿಯಿಲ್ಲ. ಅಲ್ಲಿರುವುದು ಹರಕೆಗೆ ಬಿಟ್ಟ ಆಡುಗಳ ಸಂತತಿ, ಬಿಳಿಹೊಟ್ಟೆಯ ಕಡಲಹದ್ದುಗಳು. ಜನ ನೆಲೆ ನಿಂತದ್ದೆಲ್ಲ ದಡದಲ್ಲಿ. ಎದುರು ಕಡಲು, ಬೆನ್ನಿಗೆ ಘಟ್ಟ ಇರುವ ಈ ದಡವೂ ಒಂದು ಬಗೆಯ ದ್ವೀಪವೇ. ಭಟ್ಕಳದಿಂದ ಕುಮಟೆಯವರೆಗಿನ ಈ ಕಿರಿದಾದ ಪಟ್ಟಿಯಲ್ಲಿ ನಾಮಧಾರಿಗಳು, ಮೊಗೇರರು, ಖಾರ್ವಿಗಳು, ಗೊಂಡರು, ಹಾಲಕ್ಕಿಗಳು, ಹವ್ಯಕರು, ಕೊಂಕಣಿಗರು, ಕ್ರೈಸ್ತರು, ನವಾಯತರು ಎಲ್ಲರೂ ಸೇರಿಕೊಂಡದ್ದು ಹೇಗೆ?

ಗದ್ದೆ, ಕಾಡು, ಮೀನು ನಂಬಿದವರಲ್ಲಿ ಹಲವರು ಮೊದಲಿನಿಂದ ಇದ್ದವರು. ಉಳಿದವರಲ್ಲಿ ಹಲವರನ್ನು ಕರೆತಂದದ್ದು ಕುದುರೆ ಮತ್ತು ಮೆಣಸು. ಅರಬ್ ನಾಡಿನ ಕುದುರೆಗಳು ವಿಜಯನಗರಕ್ಕೆ ಹೋಗುತ್ತಿದ್ದ ಬಂದರುಗಳಲ್ಲಿ ಭಟ್ಕಳ ಮುಖ್ಯವಾದದ್ದು. ಕಡಲು ದಾಟಿ ಬಂದ ವ್ಯಾಪಾರಿಗಳು ಇಲ್ಲಿಯೇ ಸಂಸಾರ ಹೂಡಿದರು. ಅವರ ಪೀಳಿಗೆಯವರೇ ನವಾಯತರು. ಅವರ ಮನೆಮಾತಿನ ಬೇರು ಕೊಂಕಣಿಯದು, ಬರೆಯುವುದು ಪರ್ಷಿಯನ್-ಅರಬಿ ಲಿಪಿಯಲ್ಲಿ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ, ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು ಎಂದು ಬರೆದಿಟ್ಟಿದ್ದಾನೆ. ಬಂದುಹೋಗುವವರ ಬಿಡಾರದಲ್ಲಿ ಇಷ್ಟು ಶಾಲೆ ಏಳುವುದಿಲ್ಲ. ಮಕ್ಕಳುಮರಿಯೊಂದಿಗೆ ಊರಾಗಿ ನಿಂತವರ ಲೆಕ್ಕವಿದು.

ಮೆಣಸಿನ ಸೀಮೆ ಜೈನ ಅರಸರದು. ಹಾಡುವಳ್ಳಿ, ಗೇರುಸೊಪ್ಪೆ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು. ಆ ಕಾಲದ ಕೂಡುಬಾಳ್ವೆ ಕಾಣಬೇಕಾದರೆ ಭಟ್ಕಳದ ಕೇತಪೈ ನಾರಾಯಣ ದೇಗುಲಕ್ಕೆ ಹೋಗಬೇಕು. ಕಟ್ಟಿಸಿದವನು ಕೊಂಕಣಿ ವರ್ತಕ. ಮರದ ಹಲಗೆ ಜೋಡಿಸಿದಂತೆ ಕಲ್ಲಿನ ಚಪ್ಪಡಿ ಕೂರಿಸಿದ ಗೋಡೆ, ಮಳೆನೀರು ಜಾರಲು ಇಳಿಜಾರಾಗಿ ಹಾಸಿದ ಕಲ್ಲಿನ ಮಾಡು. ಊರಿನ ಜೈನ ಬಸದಿಯದೂ ಇದೇ ಕಟ್ಟೋಣ. ದೇಗುಲದಲ್ಲಿ ಕೆತ್ತಿದ್ದು ಮಾತ್ರ ರಾಮಾಯಣ.

16ನೇ ಶತಮಾನದಲ್ಲಿ ಗೋವೆಯ ಮತಾಂತರದ ಕಿರುಕುಳ ತಾಳದೆ ಇನ್ನಷ್ಟು ಕೊಂಕಣಿ ಸಾರಸ್ವತರು ತೆಂಕಣಕ್ಕೆ ಇಳಿದರು. ಶಿರಾಲಿಯ ಚಿತ್ರಾಪುರ ಮಠ ಆ ವಲಸಿಗರಲ್ಲಿ ಒಂದು ಗುಂಪಿನ ಪೀಳಿಗೆಗೆ ಗುರುಪೀಠವಾಯಿತು.

20ನೇ ಶತಮಾನದಲ್ಲಿ ಹರಿವು ತಿರುಗಿತು. 1919ರಲ್ಲಿ ಭಟ್ಕಳದಲ್ಲಿ ಹುಟ್ಟಿದ ಅಂಜುಮನ್ ಶಿಕ್ಷಣ ಸಂಸ್ಥೆಯಲ್ಲಿ ಓದಿದವರು ಕೊಲ್ಲಿ ದೇಶಗಳತ್ತ ಹೊರಟರು. ಅಲ್ಲಿಂದ ಬಂದ ಹಣದಿಂದ ಊರಿನ ಮನೆಗಳು ಎದ್ದವು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ದಕ್ಷಿಣೋತ್ತರದ ದಾರಿ ಸಲೀಸಾಯಿತು. ಈಗ ಕರಾವಳಿಯ ಯಾಂತ್ರೀಕೃತ ದೋಣಿಗಳಲ್ಲಿ ಬಲೆ ಎಳೆಯುವವರಲ್ಲಿ ಒಡಿಶಾ, ಜಾರ್ಖಂಡದ ಹುಡುಗರೂ ಇದ್ದಾರೆ.

ಜನಗಣತಿಯ ನಮೂನೆಯಲ್ಲಿ ಧರ್ಮಕ್ಕೆ ಒಂದು ಕಾಲಂ, ಮಾತೃಭಾಷೆಗೆ ಒಂದು ಕಾಲಂ ಇದೆ. ಯಾವ ಸರಕು ಯಾರನ್ನು ಕರೆತಂದಿತು ಎಂಬುದಕ್ಕಿಲ್ಲ. ಹಾಗಾಗಿಯೇ ಇಲ್ಲಿ ಯಾರು ಮೂಲದವರು, ಯಾರು ಹೊರಗಿನವರು ಎಂಬ ಜಗಳ ಎದ್ದಾಗೆಲ್ಲ ಅಂಕಿಗಳು ಕೈಗೆ ಸಿಗುತ್ತವೆ, ಉತ್ತರ ಸಿಗುವುದಿಲ್ಲ. ಉತ್ತರ ಬೇಕಾದವರು ಬಂದರಿನ ಚರಿತ್ರೆ ಓದಬೇಕು.